ಒಕ್ಕದ ಹೆಸರಿನಲ್ಲಿ ಆಟ: ಕೊಡವ ಕೌಟುಂಬಿಕ ಹಾಕಿ ಉತ್ಸವದ ಒಂದು ಜಾನಪದೀಯ ಅವಲೋಕನ

ಕೊಡವ ಸಮಾಜದ ಮೂಲ ಘಟಕ ‘ಒಕ್ಕ’. ಒಬ್ಬ ಮೂಲಪುರುಷನಾದ ಕಾರೋಣನಿಂದ ಬೆಳೆದುಬಂದ ಪಿತೃವಂಶೀಯ ಕುಟುಂಬವಿದು. ಐನ್‌ಮನೆ, ಹಿರಿಯರ ಕೈಮಡ, ಜಮ್ಮಾ ಭೂಮಿ ಹಾಗೂ ಮನೆಹೆಸರು ಇದರ ಗುರುತುಗಳು. 1924ರಲ್ಲಿ ಪ್ರಕಟವಾದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಕೊಡವರ ಹಾಡು, ಆಚರಣೆಗಳನ್ನು ದಾಖಲಿಸಿದರೆ, ಎಂ.ಎನ್. ಶ್ರೀನಿವಾಸ್ ಅವರು 1952ರ ತಮ್ಮ ಅಧ್ಯಯನದಲ್ಲಿ ಒಕ್ಕವನ್ನು ಸಮಾಜಶಾಸ್ತ್ರೀಯವಾಗಿ ವಿವೇಚಿಸಿದರು. ಒಕ್ಕವೊಂದು ನಶಿಸಬಾರದೆಂಬ ಕಾಳಜಿ ಎಷ್ಟು ಗಾಢವಾಗಿತ್ತೆಂದರೆ, ಮಗಳ ಮಕ್ಕಳು ತವರಿನ ಒಕ್ಕವನ್ನೇ ಮುಂದುವರಿಸುವ ವಿಶೇಷ ವಿವಾಹ ಪದ್ಧತಿಗಳೂ ರೂಢಿಯಲ್ಲಿದ್ದವು.

ಕಾಫಿ ಕೃಷಿ, ಸೈನಿಕ ಸೇವೆ, ನಗರದ ಉದ್ಯೋಗ ಮತ್ತು ಆಸ್ತಿಯ ಹಂಚಿಕೆಗಳಿಂದ ಇಪ್ಪತ್ತನೆಯ ಶತಮಾನದಲ್ಲಿ ಒಕ್ಕದ ಸದಸ್ಯರು ಚದುರಿದರು. ಒಂದೇ ಸೂರಿನಡಿಯ ಬದುಕು ಕೊನೆಗೊಂಡು, ಐನ್‌ಮನೆಯು ವಿಶೇಷ ದಿನಗಳಲ್ಲಿ ಸೇರುವ ತಾಣವಾಯಿತು. ಈ ಹಿನ್ನೆಲೆಯಲ್ಲಿಯೇ ಕೌಟುಂಬಿಕ ಹಾಕಿಯ ಉಗಮವನ್ನು ಗಮನಿಸಬೇಕು.

ಹಾಕಿ ಕೊಡಗಿಗೆ ಹೊಸದಾಗಿರಲಿಲ್ಲ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು. ಇವರ ಮೊದಲ ‘ಎಂ’ ಅಕ್ಷರಗಳು ಕ್ರಮವಾಗಿ ಮೊಳ್ಳೇರ, ಮನೆಯಪಂಡ ಎಂಬ ಒಕ್ಕದ ಹೆಸರುಗಳು. ರಾಷ್ಟ್ರೀಯ ತಂಡದ ಪಟ್ಟಿಯಲ್ಲಿ ಒಕ್ಕವು ಒಂದಕ್ಷರಕ್ಕೆ ಸಂಕ್ಷೇಪಗೊಂಡಿತ್ತು. ಕೌಟುಂಬಿಕ ಹಾಕಿಯು ಈ ಕ್ರಮವನ್ನು ತಿರುವುಮುರುವಾಗಿಸಿತು. ಇಲ್ಲಿ ಆಟಗಾರನ ಹೆಸರು ಹಿಂದೆ ಸರಿದು ಒಕ್ಕದ ಹೆಸರು ಮುಂದೆ ನಿಲ್ಲುತ್ತದೆ.

ಪಾಂಡಂಡ ಕುಟ್ಟಪ್ಪನವರ ಕಲ್ಪನೆಯಂತೆ 1997ರಲ್ಲಿ ಕರಡ ಗ್ರಾಮದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. 60 ಕುಟುಂಬಗಳು ಪಾಲ್ಗೊಂಡವು. ಒಂದು ತಂಡದಲ್ಲಿ ಆಡುವವರೆಲ್ಲರೂ ಒಂದೇ ಒಕ್ಕದವರಾಗಿರಬೇಕೆಂಬುದೇ ಇದರ ತಿರುಳು. ಹಿರಿಯರು, ಕಿರಿಯರು, ಸ್ತ್ರೀಯರು, ಪುರುಷರು ಒಂದೇ ತಂಡದಲ್ಲಿ ಆಡಬಹುದು. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ. ಆ ವರ್ಷದ ಕಪ್ ಅದೇ ಕುಟುಂಬದ ಹೆಸರಿನದು. ಕೊಡವ ಹಾಕಿ ಅಕಾಡೆಮಿಯು ಪಂದ್ಯಾವಳಿಯ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತದೆ.

ಜನರು ಇದನ್ನು ‘ಹಾಕಿ ನಮ್ಮೆ’ ಎಂದು ಕರೆಯುತ್ತಾರೆ. ಕೊಡವ ಭಾಷೆಯಲ್ಲಿ ‘ನಮ್ಮೆ’ ಎಂದರೆ ಹಬ್ಬ. ಪುತ್ತರಿಯಲ್ಲಿ ಊರವರು ಕೋಲಾಟಕ್ಕೆ ಮಂದ್‌ನಲ್ಲಿ ಸೇರುವಂತೆ, ಇಲ್ಲಿ ಮೈದಾನದಲ್ಲಿ ಸೇರುತ್ತಾರೆ. ಆದರೆ ಮಂದ್‌ನಲ್ಲಿ ಸೇರುವುದು ಊರು, ನಾಡು. ಮೈದಾನದಲ್ಲಿ ಸೇರುವುದು ಇಡೀ ಸಮುದಾಯದ ಒಕ್ಕಗಳು. ಆದ್ದರಿಂದ ಇದನ್ನು ಹಳೆಯ ಆಚರಣೆಯ ಪುನರುಜ್ಜೀವನವೆನ್ನುವುದಕ್ಕಿಂತ, ಹಳೆಯ ಘಟಕಕ್ಕೆ ದೊರೆತ ಹೊಸ ಕಾರ್ಯವೆನ್ನುವುದು ಯುಕ್ತ.

2018ರ ನಂತರ ಪ್ರಕೃತಿ ವಿಕೋಪ ಹಾಗೂ ಕೋವಿಡ್ ಕಾರಣಗಳಿಂದ ಈ ಸರಣಿಗೆ ತಡೆಯುಂಟಾಯಿತು. ಸಂಸ್ಥಾಪಕ ಕುಟ್ಟಪ್ಪನವರು 2020ರಲ್ಲಿ ನಿಧನರಾದರು. ಆದರೂ 2023ರಲ್ಲಿ ನಾಪೋಕ್ಲುವಿನಲ್ಲಿ ಅಪ್ಪಚೆಟ್ಟೋಳಂಡ ಕಪ್‌ನೊಂದಿಗೆ ಉತ್ಸವ ಮರುಕಳಿಸಿತು. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಹೆಸರು ನೋಂದಾಯಿಸಿ, ಉತ್ಸವವು ಗಿನ್ನೆಸ್ ದಾಖಲೆಗೆ ಸೇರಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ ಹೊತ್ತಿಗೆ ಈ ಸಂಖ್ಯೆ 396ಕ್ಕೆ ಏರಿತು.

ಈ ಏರಿಕೆಯನ್ನು ಜನಸಂಖ್ಯೆಯ ಬೆಳವಣಿಗೆಯೆಂದು ಭಾವಿಸಲಾಗದು. ತಂಡ ಕಟ್ಟಲು ಪ್ರತಿ ಒಕ್ಕವೂ ದೂರದೂರುಗಳಲ್ಲಿರುವ ತನ್ನವರನ್ನು ಹುಡುಕಿ, ಎಣಿಸಿ, ಕರೆಯಬೇಕಾಗುತ್ತದೆ. ಹಾಗೆ ಸಿದ್ಧವಾಗುವ ಆಟಗಾರರ ಪಟ್ಟಿಯು ಒಂದರ್ಥದಲ್ಲಿ ವಂಶಾವಳಿಯೇ ಸರಿ. ಸದಸ್ಯರು ವಿರಳವಾದ ಒಕ್ಕಕ್ಕೆ ಹನ್ನೊಂದು ಮಂದಿಯನ್ನು ಕೂಡಿಸುವುದು ಸುಲಭವಲ್ಲ. ಮೊದಲ ಸುತ್ತಿನಲ್ಲೇ ಸೋತು ಮರಳುವ ತಂಡವೂ ತನ್ನ ಮನೆಹೆಸರು ಇನ್ನೂ ಉಳಿದಿದೆ ಎಂಬುದನ್ನು ಸಾರಿಯೇ ಮರಳುತ್ತದೆ. ಒಕ್ಕ ನಶಿಸಬಾರದೆಂದು ಹಿಂದೆ ವಿವಾಹ ಪದ್ಧತಿಗಳ ಮೂಲಕ ವ್ಯಕ್ತವಾಗುತ್ತಿದ್ದ ಕಾಳಜಿಯು ಇಂದು ಹಾಕಿ ಮೈದಾನದಲ್ಲಿ ಮತ್ತೊಂದು ಅಭಿವ್ಯಕ್ತಿಯನ್ನು ಕಂಡುಕೊಂಡಿದೆ.