ಸೊಸೈಟಿ ಲೆಕ್ಕ ಕೇಳುವ ದಾರಿ

ಗದಗ ತಾಲ್ಲೂಕಿನ ಕಣಗಿನಹಾಳ ನಮಗೆಲ್ಲ ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಊರು ಯಾವುದು? ಉತ್ತರ ಬರೆದು ಮುಂದಿನ ಪ್ರಶ್ನೆಗೆ ಹೋಗ್ತಿದ್ವಿ. ಆ ಸಂಘ ಯಾವ ಷರತ್ತಿನ ಮೇಲೆ ಹುಟ್ಟಿತು ಅಂತ ಯಾರೂ ಕೇಳಲಿಲ್ಲ.

ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ನೋಂದಣಿಯಾಗಿದ್ದು 1905ರ ಮೇ 8ರಂದು. ಗದಗ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಹಿಂದಿನ ವರ್ಷವಷ್ಟೇ ಬಂದಿದ್ದ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ಪ್ರಕಾರ ಒಂದೇ ಊರಿನ ಹತ್ತು ಜನ ಕೂಡಿದರೂ ಸಂಘ ಕಟ್ಟಬಹುದಿತ್ತು. ಆದರೆ ಹಳ್ಳಿಯ ಸಂಘದಲ್ಲಿ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ. ಸಂಘ ಮುಳುಗಿದರೆ ಸಾಲಗಾರರು ಸದಸ್ಯರ ಸ್ವಂತ ಆಸ್ತಿಯವರೆಗೂ ಬರಬಹುದಿತ್ತು. ಹಾಗಾಗಿ ಕಿರ್ದಿ ಪುಸ್ತಕದಲ್ಲಿ ಏನಿದೆ ಅಂತ ತಿಳಿಯೋದು ಕುತೂಹಲದ ಮಾತಲ್ಲ, ಹೊಲ ಉಳಿಸಿಕೊಳ್ಳುವ ಮಾತು.

ಕಾಯ್ದೆ ಬರೆದವರಿಗೂ ಇದು ಗೊತ್ತಿತ್ತು. ವರ್ಷಕ್ಕೊಮ್ಮೆಯಾದರೂ ನಿಬಂಧಕರು ಲೆಕ್ಕ ತಪಾಸಣೆ ಮಾಡಿಸಬೇಕು ಅಂತ ಆಗಲೇ ಬರೆದರು. 1912ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು: ಸಂಘದ ಉಪವಿಧಿಗಳ ಪ್ರತಿಯನ್ನು ಸಂಘದ ಕಚೇರಿಯಲ್ಲಿ ಉಚಿತವಾಗಿ ನೋಡಲು ಇಡಬೇಕು. ಇದೇ ಬ್ರಿಟಿಷ್ ಸರ್ಕಾರ 1923ರಲ್ಲಿ ತನ್ನ ಕಡತಗಳಿಗೆ ಅಧಿಕೃತ ರಹಸ್ಯಗಳ ಕಾಯ್ದೆಯ ಬೀಗ ಹಾಕಿಕೊಂಡಿತು. ರೈತರ ಸಂಘ ತೆರೆದಿರಬೇಕು, ಸರ್ಕಾರ ಮುಚ್ಚಿರಬೇಕು!

ಸರ್ಕಾರದ ಬೀಗ ಸಡಿಲವಾಗಿದ್ದು ಕಣಗಿನಹಾಳದ ಸಂಘಕ್ಕೆ ನೂರು ತುಂಬಿದ ವರ್ಷ. 2005ರ ಅಕ್ಟೋಬರ್ 12ರಂದು ಮಾಹಿತಿ ಹಕ್ಕು ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂತು. ನಮ್ಮ ಐಟಿ ಭಾಷೆಯಲ್ಲಿ ಹೇಳೋದಾದರೆ, ಸರ್ಕಾರ ಮೊದಲ ಸಲ ಜನರಿಗೆ ಎಸ್‌ಎಲ್‌ಎ ಬರೆದುಕೊಟ್ಟಿತು. ಉತ್ತರಕ್ಕೆ 30 ದಿನ; ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಗಡುವು ಮೀರಿದರೆ ಮಾಹಿತಿ ನಿರಾಕರಿಸಿದಂತೆಯೇ ಲೆಕ್ಕ, ಆಮೇಲೆ ಕೊಡುವ ಪ್ರತಿಗಳಿಗೆ ಶುಲ್ಕ ಕೇಳುವಂತಿಲ್ಲ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಹೆಚ್ಚೆಂದರೆ 25,000 ರೂಪಾಯಿ ದಂಡ.

ಹಾಗಾದರೆ ಊರಿನ ಸೊಸೈಟಿಗೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರಾಯ್ತಲ್ಲ? ಆಗಲ್ಲ. ಕೇರಳದ ತಲಪ್ಪಲಂ ಸೇವಾ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 7ರಂದು ಹೇಳಿದ್ದು ಇದು: ಸರ್ಕಾರದ ಒಡೆತನ, ಹಿಡಿತ ಅಥವಾ ಗಣನೀಯ ಹಣಕಾಸು ಇಲ್ಲದ ಸಹಕಾರ ಸಂಘ ಸಾರ್ವಜನಿಕ ಪ್ರಾಧಿಕಾರವಲ್ಲ. ನಿಬಂಧಕರ ಮೇಲ್ವಿಚಾರಣೆ ಇದೆ ಅನ್ನೋದಷ್ಟೇ ಸಾಲದು. ಅರ್ಜಿ ಕೊಟ್ಟವರಿಗೆ ‘ನಮಗೆ ಅನ್ವಯಿಸುವುದಿಲ್ಲ’ ಅನ್ನುವ ಒಂದು ಸಾಲಿನ ಉತ್ತರ ಬರೋದು ಈ ತೀರ್ಪಿನ ಬಲದಿಂದಲೇ.

ಆದರೆ ತೀರ್ಪನ್ನು ಅಲ್ಲಿಗೇ ಓದಿ ನಿಲ್ಲಿಸಬೇಡಿ. ನಿಬಂಧಕರ ಕಚೇರಿ ಮಾತ್ರ ಸಾರ್ವಜನಿಕ ಪ್ರಾಧಿಕಾರವೇ, ಮತ್ತು ಕಾನೂನಿನ ಪ್ರಕಾರ ನಿಬಂಧಕರು ಸಂಘದಿಂದ ತರಿಸಿಕೊಳ್ಳಬಹುದಾದ ಮಾಹಿತಿಯನ್ನು, ವಿನಾಯಿತಿಗಳಿಗೆ ಒಳಪಡದಿದ್ದರೆ, ಕೇಳಿದವರಿಗೆ ಕೊಡಬೇಕು ಅಂತ ಅದೇ ತೀರ್ಪು ಹೇಳುತ್ತೆ. ಅಂದರೆ ಮುಂಬಾಗಿಲು ಮುಚ್ಚಿದೆ, ಹಿತ್ತಿಲ ಬಾಗಿಲು ತೆರೆದಿದೆ. ಆ ಬಾಗಿಲು ಇಟ್ಟವರು 1904ರವರು, ನಿಬಂಧಕರಿಗೆ ಲೆಕ್ಕ ನೋಡುವ ಅಧಿಕಾರ ಕೊಟ್ಟಾಗ.

ಊರಲ್ಲಿ ಅಪ್ಪನೋ ದೊಡ್ಡಪ್ಪನೋ ಸೊಸೈಟಿಯ ಷೇರುದಾರರಾಗಿದ್ದರೆ ಇಷ್ಟು ಮಾಡಬಹುದು. ಮೊದಲು ಸದಸ್ಯರಾಗಿಯೇ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕ ಕೇಳಲಿ. ಸಿಗದಿದ್ದರೆ ಸಹಾಯಕ ನಿಬಂಧಕರ ಕಚೇರಿಯ ಮಾಹಿತಿ ಅಧಿಕಾರಿಗೆ ಅರ್ಜಿ: ಇಂಥ ವರ್ಷದ ಲೆಕ್ಕಪರಿಶೋಧನಾ ವರದಿಯ ಪ್ರತಿ ಬೇಕು ಅಂತ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ದಾಖಲೆ ಬೇರೆ ಇಲಾಖೆಯಲ್ಲಿದ್ದರೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸೋದು ಅವರ ಕೆಲಸ. 30 ದಿನ ಕಳೆದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಬೇರೆಯವರ ಖಾತೆಯ ವಿವರ ಕೇಳಬೇಡಿ, ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸ್ತಾರೆ.

ಪಟ್ಟಣದಲ್ಲಿ ಡೆಲಿವರಿ ಹತ್ತು ನಿಮಿಷ ತಡವಾದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ನಾವು, ಊರಿನ ಪತ್ತಿನ ಪುಸ್ತಕದ ವಿಷಯ ಬಂದಾಗ ‘ಯಾಕ್ ಬೇಕು ಬಿಡು’ ಅಂತೀವಿ. ಅಲ್ಲಿ ಇರೋದು ಬಿತ್ತನೆಗೆ ಎತ್ತಿದ ಸಾಲ, ಕೂಡಿಟ್ಟ ಠೇವಣಿ. ಕೇಳೋಕೆ ಹತ್ತು ರೂಪಾಯಿ ಸಾಕು.