ಅರವತ್ತಕ್ಕೆ ಅರಳು ಮರಳು: ಒಂದೆಲಗ ತಿಂದರೆ ಮರೆವು ಬರುವುದಿಲ್ಲವೇ?

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಒಂದೆಲಗದ ತಂಬುಳಿ ಊಟದ ಜೊತೆ ಸಾಮಾನ್ಯ. ‘ದಿನಾ ತಿಂದರೆ ಮುಪ್ಪಿನಲ್ಲಿ ಮರೆವು ಬರುವುದಿಲ್ಲ’ ಎಂಬ ಸಂದೇಶವೂ ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ಇನ್ನೊಂದೆಡೆ, ‘ವಯಸ್ಸಾಯಿತು, ಮರೆವು ಸಹಜ’ ಎಂದು ಸುಮ್ಮನಾಗುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ.

ಎಲ್ಲರಿಗೂ ಅರಳು ಮರಳು ಬರುತ್ತದೆಯೇ?

ಇಲ್ಲ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವುದು ಶೇ. 7.4ರಷ್ಟು ಮಂದಿಗೆ. ಹೊನ್ನಾವರ ತಾಲೂಕಿನ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು ಎಂಬತ್ತರ ಹತ್ತಿರ. ಆ ನಂತರವೂ ಗೆಜ್ಜೆ ಕಟ್ಟಿದರು.

ಒಂದೆಲಗ ತಡೆಯುತ್ತದೆಯೇ?

ತಂಬುಳಿ ಒಳ್ಳೆಯ ಆಹಾರ, ಧಾರಾಳವಾಗಿ ತಿನ್ನಿ. ಆದರೆ ಅದು ಡಿಮೆನ್ಷಿಯಾ ತಡೆಯುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಅದನ್ನು ನಂಬಿ ಬಿಪಿ, ಶುಗರ್ ಮಾತ್ರೆ ನಿಲ್ಲಿಸುವುದು ಅಪಾಯ.

ಯಾವುದು ಸಹಾಯ ಮಾಡುತ್ತದೆ?

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಅವನ್ನು ಸರಿಪಡಿಸಿಕೊಂಡರೆ ಶೇ. 45ರಷ್ಟು ಡಿಮೆನ್ಷಿಯಾ ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂಬುದು ಅದರ ಅಂದಾಜು. ನಮ್ಮ ಕೈಯಲ್ಲಿರುವ ಕೆಲವು:

• ಬಿಪಿ, ಶುಗರ್, ಕೊಲೆಸ್ಟ್ರಾಲ್ ಹತೋಟಿಯಲ್ಲಿಡಿ. ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಒಣಮೀನು, ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಇದರಲ್ಲೇ ಸೇರುತ್ತದೆ.
• ಕಿವಿ ಮಂದವಾದರೆ ಶ್ರವಣ ಸಾಧನ ಹಾಕಿಸಿ. ಕಣ್ಣಿನ ಪೊರೆಗೆ ಚಿಕಿತ್ಸೆ ಕೊಡಿಸಿ.
• ದಿನಾ ನಡೆಯಿರಿ. ಬೀಡಿ, ಸಿಗರೇಟು ಬಿಡಿ. ಮದ್ಯ ಮಿತಿ ಮೀರದಿರಲಿ.
• ಜನರೊಂದಿಗೆ ಬೆರೆಯಿರಿ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇರುವ ಮನೆಗಳಲ್ಲಿ ಹಿರಿಯರ ಒಂಟಿತನವನ್ನು ಕಡೆಗಣಿಸಬೇಡಿ.

ಯಾವಾಗ ವೈದ್ಯರನ್ನು ಕಾಣಬೇಕು?

ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಸಾಮಾನ್ಯ. ಗೊತ್ತಿರುವ ದಾರಿಯೇ ತಪ್ಪುವುದು, ಕೇಳಿದ್ದನ್ನೇ ಪದೇ ಪದೇ ಕೇಳುವುದು, ಹಣದ ಲೆಕ್ಕ ತಿಳಿಯದಿರುವುದು ಕಂಡರೆ ತಡಮಾಡಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇಂಥದ್ದು ಚಿಕಿತ್ಸೆಯಿಂದ ಸುಧಾರಿಸಬಹುದು. ಒಮ್ಮೆಲೇ ಗೊಂದಲ, ಮಾತು ತೊದಲುವುದು, ಬಾಯಿ ಓರೆಯಾಗುವುದು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ.

ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಮಾನಸಿಕ ಆರೋಗ್ಯದ ಸಲಹೆಗೆ ಟೆಲಿ ಮನಸ್ 14416, ಹಿರಿಯರ ಸಹಾಯವಾಣಿ 14567 ಇವೆ.

ತೀರ್ಮಾನ: ಅರಳು ಮರಳು ಎಲ್ಲರಿಗೂ ಬರುವುದಲ್ಲ, ತಂಬುಳಿ ಅದಕ್ಕೆ ಮದ್ದೂ ಅಲ್ಲ. ಒಂದೆಲಗದ ಸಂದೇಶ ಫಾರ್ವರ್ಡ್ ಮಾಡುವ ಬದಲು ಮನೆಯ ಹಿರಿಯರ ಬಿಪಿ, ಕಿವಿ, ಕಣ್ಣು ಪರೀಕ್ಷೆ ಮಾಡಿಸಿ.