ಇವತ್ತು ಯಾವ ಸೈಟ್ ನೋಡೋಣ?

1993ರ ಜೂನ್‌ನಲ್ಲಿ ಇಡೀ ಭೂಮಂಡಲದಲ್ಲಿದ್ದ ವೆಬ್‌ಸೈಟ್‌ಗಳು ಹೆಚ್ಚುಕಡಿಮೆ 130. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಮ್ಯಾಥ್ಯೂ ಗ್ರೇ ತಾನೇ ಬರೆದ ಪ್ರೋಗ್ರಾಮಿನಿಂದ ಎಣಿಸಿ ಕೊಟ್ಟ ಲೆಕ್ಕ ಇದು. ಬೆಳಿಗ್ಗೆ ತಿಂಡಿ ಮುಗಿಸಿ ಕೂತವರು ಸಂಜೆಯೊಳಗೆ ಅಷ್ಟನ್ನೂ ಒಮ್ಮೆ ನೋಡಿ ಏಳಬಹುದಿತ್ತು. ಆ ವರ್ಷದ ಕೊನೆಗೆ ಅದೇ ಲೆಕ್ಕ 623 ಆಯಿತು, ಅದರ ಮುಂದಿನ ಡಿಸೆಂಬರಿನಲ್ಲಿ ಹತ್ತು ಸಾವಿರ ದಾಟಿತು. ಎಲ್ಲವನ್ನೂ ನೋಡುವ ಆಸೆಯನ್ನು ಅಲ್ಲಿಗೆ ಕೈಬಿಡಬೇಕಾಯಿತು. ಯಾವುದನ್ನು ನೋಡಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂದು ಹೇಳುವವರು ಬೇಕಾದರು.

ಹೀಗೆ ಹುಟ್ಟಿಕೊಂಡಿತು ಒಂದು ವಿಚಿತ್ರ ಕಸುಬು. ಇದರಲ್ಲಿ ಪಳಗಿದವರಿಗೆ ಪದವಿ ಇರಲಿಲ್ಲ, ಸಂಘ ಇರಲಿಲ್ಲ, ಮೊದಮೊದಲು ಸಂಬಳವೂ ಇರಲಿಲ್ಲ. ದಿನವಿಡೀ ವೆಬ್ ನೋಡುವುದು, ಹಿಡಿಸಿದ್ದನ್ನು ನಾಲ್ಕು ಜನರಿಗೆ ಹೇಳುವುದು, ಇಷ್ಟೇ ಕೆಲಸ.

ಮೊದಲ ಪಟ್ಟಿ ವೆಬ್ ಕಟ್ಟಿದವರದ್ದೇ. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಹೊಸ ಸರ್ವರ್‌ಗಳ ಯಾದಿ ಇಟ್ಟುಕೊಂಡಿದ್ದರು. ಯಾರಾದರೂ ಹೊಸದಾಗಿ ಸರ್ವರ್ ಹೂಡಿದರೆ ಅದರ ಹೆಸರು ಅಲ್ಲಿಗೆ ಸೇರುತ್ತಿತ್ತು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಿಂದ ಮೊಸಾಯಿಕ್ ಬ್ರೌಸರ್ ಬಂದಾಗ ಅದರ ಜೊತೆಗೇ ‘ವಾಟ್ಸ್ ನ್ಯೂ’ ಎಂಬ ಪುಟ ಶುರುವಾಯಿತು. ಮೊಸಾಯಿಕ್ ತಂಡದ ಮಾರ್ಕ್ ಆಂಡ್ರೀಸನ್ ಆರಂಭದಲ್ಲಿ ಅದನ್ನು ಸ್ವತಃ ನೋಡಿಕೊಳ್ಳುತ್ತಿದ್ದರು. ಹೊಸದಾಗಿ ಏನು ಬಂದಿದೆ ಎಂದಷ್ಟೇ ಅದು ಹೇಳುತ್ತಿತ್ತು, ಚೆನ್ನಾಗಿದೆಯೋ ಇಲ್ಲವೋ ಎಂಬ ಗೊಡವೆಗೆ ಹೋಗುತ್ತಿರಲಿಲ್ಲ. ಮುಂದೆ ಅವರೇ ಸೇರಿ ಕಟ್ಟಿದ ನೆಟ್‌ಸ್ಕೇಪ್ ಬ್ರೌಸರಿನ ನೆತ್ತಿಯ ಮೇಲೆ ಎರಡು ಗುಂಡಿಗಳಿದ್ದವು. ಒಂದು ‘ವಾಟ್ಸ್ ನ್ಯೂ’, ಇನ್ನೊಂದು ‘ವಾಟ್ಸ್ ಕೂಲ್’. ಬರೀ ಸುದ್ದಿ ಹೇಳುತ್ತಿದ್ದವರು ರುಚಿಯ ತೀರ್ಪು ಕೊಡತೊಡಗಿದ್ದಕ್ಕೆ ಆ ಎರಡನೇ ಗುಂಡಿಯೇ ಸಾಕ್ಷಿ.

ರುಚಿಯನ್ನೇ ಬಂಡವಾಳ ಮಾಡಿಕೊಂಡವರಲ್ಲಿ ಹೆಸರುವಾಸಿ ಗ್ಲೆನ್ ಡೇವಿಸ್. 1994ರ ಆಗಸ್ಟ್‌ನಲ್ಲಿ, ವರ್ಜೀನಿಯಾದ ಇನ್ಫಿನೆಟ್ ಕಂಪನಿಯಲ್ಲಿದ್ದಾಗ, ಅವರು ‘ಕೂಲ್ ಸೈಟ್ ಆಫ್ ದಿ ಡೇ’ ಶುರು ಮಾಡಿದರು. ದಿನಕ್ಕೆ ಒಂದೇ ಒಂದು ಸೈಟ್. ಕಾರಣ ವಿವರಿಸುವ ಪ್ರಬಂಧವಿಲ್ಲ, ಅಂಕವಿಲ್ಲ. ಇವತ್ತಿನದು ಇದು, ನೋಡಿ, ಅಷ್ಟೇ. ಆಯ್ಕೆಯಾದ ಸೈಟ್‌ಗೆ ಅದೇ ದಿನ ಜನ ಮುಗಿಬೀಳುತ್ತಿದ್ದರು. ಯಾವುದೋ ಕಾಲೇಜಿನ ಮೂಲೆಯ ಕಂಪ್ಯೂಟರಿನಲ್ಲಿ ಕೂತ ಪುಟ್ಟ ಸೈಟ್‌ಗೆ ಆ ಗೌರವವೇ ಕಂಟಕವಾಗಿ, ಸರ್ವರ್ ಕೈಕೊಡುವುದೂ ಇತ್ತು. ಇದರ ಅಡಿಮಗುಚಿದ ರೂಪವೂ ಬೇಗ ಬಂತು. 1995ರಲ್ಲಿ ‘ಮಿರ್ಸ್ಕಿಸ್ ವರ್ಸ್ಟ್ ಆಫ್ ದಿ ವೆಬ್’ ಎಂಬ ಪುಟ ಅತಿ ಕೆಟ್ಟ ಸೈಟ್‌ಗಳನ್ನು ಹೆಕ್ಕಿ ಗೇಲಿ ಮಾಡತೊಡಗಿತು. ಅದನ್ನು ಓದುವುದಕ್ಕೂ ಜನ ಅಷ್ಟೇ ಇಷ್ಟಪಟ್ಟು ಹೋದರು.

ಆ ದಿನಗಳಲ್ಲಿ ಶಿಫಾರಸು ಪಡೆದ ಸೈಟ್‌ಗಳನ್ನು ಈಗ ನೆನೆದರೆ ನಗು ಬರುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ಕಾಫಿ ಖಾಲಿಯಾಗಿದೆಯೋ ಇಲ್ಲವೋ ಎಂದು ಕೂತಲ್ಲಿಂದಲೇ ತಿಳಿಯಲು 1991ರಲ್ಲಿ ಕಾಫಿ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟಿದ್ದರು. 1993ರ ನವೆಂಬರಿನಲ್ಲಿ ಆ ಚಿತ್ರ ವೆಬ್‌ಗೆ ಬಂತು. ಕಪ್ಪುಬಿಳುಪಿನ, ಮಸುಕಾದ, ಅಂಗೈ ಅಗಲದ ಆ ಚಿತ್ರವನ್ನು ನೋಡಲು ಲಕ್ಷಾಂತರ ಜನ ಬಂದರು. ಅಲ್ಲಿ ಕಾಣುತ್ತಿದ್ದದ್ದು ಒಂದು ಪಾತ್ರೆ ಮಾತ್ರ. 2001ರ ಆಗಸ್ಟ್‌ನಲ್ಲಿ ಕ್ಯಾಮೆರಾ ಆರಿಸಿದಾಗ ಕೊನೆಯ ಕಾಫಿ ಯಂತ್ರ ಹರಾಜಿಗೆ ಬಂದು, ಜರ್ಮನಿಯ ಸ್ಪೀಗಲ್ ಪತ್ರಿಕೆಯ ಆನ್‌ಲೈನ್ ವಿಭಾಗ 3,350 ಪೌಂಡ್ ಕೊಟ್ಟು ಕೊಂಡಿತು. ಸಾವಿರಾರು ಮೈಲಿ ಆಚೆಯ ಅಡುಗೆಕಟ್ಟೆಯೊಂದು ಈ ಕ್ಷಣ ಹೇಗಿದೆ ಎಂದು ನೋಡುವುದೇ ಆಗ ಸೋಜಿಗವಾಗಿತ್ತು. ಉಪಯೋಗ, ಮನರಂಜನೆ ಎಂಬ ಭೇದ ಮಾಡುವಷ್ಟು ವೆಬ್ ಇನ್ನೂ ಹಳತಾಗಿರಲಿಲ್ಲ.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ಒಂದು ಟ್ರೇಲರ್ ಕೋಣೆಯಲ್ಲಿ ಇಬ್ಬರು ಪಿಎಚ್‌.ಡಿ. ವಿದ್ಯಾರ್ಥಿಗಳು ಪ್ರಬಂಧ ಬರೆಯುವುದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮಾಡುತ್ತಿದ್ದರು. ಮಾರ್ಗದರ್ಶಕರು ರಜೆಯ ಮೇಲೆ ಇಟಲಿಗೆ ಹೋಗಿದ್ದರು, ಕೇಳುವವರಿರಲಿಲ್ಲ. ಜೆರ್ರಿ ಯಾಂಗ್ ಮತ್ತು ಡೇವಿಡ್ ಫೈಲೋ 1994ರ ಆರಂಭದಲ್ಲಿ ತಮಗೆ ಹಿಡಿಸಿದ ಸೈಟ್‌ಗಳ ಪಟ್ಟಿ ಕಟ್ಟಿದರು. ಹೆಸರು ‘ಜೆರ್ರಿ ಆ್ಯಂಡ್ ಡೇವಿಡ್ಸ್ ಗೈಡ್ ಟು ದಿ ವರ್ಲ್ಡ್ ವೈಡ್ ವೆಬ್’. ಪಟ್ಟಿ ಇದ್ದದ್ದು ಯಾಂಗ್‌ರ ‘ಅಕೆಬೊನೊ’ ಎಂಬ ಕಂಪ್ಯೂಟರಿನಲ್ಲಿ, ಅದನ್ನು ಹುಡುಕುವ ಪ್ರೋಗ್ರಾಮ್ ಫೈಲೋ ಅವರ ‘ಕೊನಿಶಿಕಿ’ಯಲ್ಲಿ. ಎರಡೂ ಸುಮೋ ಪೈಲ್ವಾನರ ಹೆಸರು. ಕೆಲವೇ ತಿಂಗಳಲ್ಲಿ ಆ ಉದ್ದ ಹೆಸರು ಹೋಗಿ ‘ಯಾಹೂ’ ಬಂತು. ವಿಶ್ವವಿದ್ಯಾಲಯದ ನೆಟ್‌ವರ್ಕ್ ತಡೆಯಲಾರದಷ್ಟು ಜನ ಬರತೊಡಗಿದಾಗ ನೆಟ್‌ಸ್ಕೇಪ್ ತನ್ನ ಯಂತ್ರಗಳಲ್ಲಿ ಜಾಗ ಕೊಟ್ಟಿತು. 1995ರ ಮಾರ್ಚ್‌ನಲ್ಲಿ ಅದು ಕಂಪನಿಯಾಯಿತು.

ಕಂಪನಿಯಾದ ಮೇಲೆ ಸೇರಿದ ಮೊದಮೊದಲ ನೌಕರರಲ್ಲಿ ಒಬ್ಬರು ಭಾರತೀಯ ಮೂಲದ ಶ್ರೀನಿಜಾ ಶ್ರೀನಿವಾಸನ್. ಅವರ ಹುದ್ದೆಯ ಹೆಸರು ‘ಆಂಟಾಲಜಿಕಲ್ ಯಾಹೂ’. ಜಗತ್ತಿನ ಸಕಲ ಸಂಗತಿಗಳನ್ನೂ ಯಾವ ಕವಲಿನಲ್ಲಿ ಇಡಬೇಕೆಂದು ತೀರ್ಮಾನಿಸುವುದು ಅವರ ಕೆಲಸ. ಅವರ ಕೆಳಗೆ ಕೂತು ಒಂದೊಂದೇ ಸೈಟ್ ನೋಡಿ ಜಾಗ ತೋರಿಸುತ್ತಿದ್ದವರಿಗೆ ಸರ್ಫರ್‌ಗಳು ಎಂದು ಹೆಸರು. ಗ್ರಂಥಾಲಯದ ಪುಸ್ತಕವನ್ನು ಒಂದೇ ಕಪಾಟಿನಲ್ಲಿ ಇಡಬಹುದು, ವೆಬ್‌ನಲ್ಲಿ ಆ ಕಟ್ಟು ಇಲ್ಲ. ಕನ್ನಡ ಸಿನಿಮಾ ಹಾಡುಗಳ ಸೈಟ್ ಒಂದಿದ್ದರೆ ಅದು ಸಂಗೀತದ ಕೆಳಗೋ, ಸಿನಿಮಾದ ಕೆಳಗೋ, ಭಾರತದ ಕೆಳಗೋ? ಯಾಹೂ ಒಂದು ಕಡೆ ಅಸಲಿ ಜಾಗ ಕೊಟ್ಟು, ಮಿಕ್ಕ ಕಡೆ ವಿಭಾಗದ ಹೆಸರಿನ ಬಾಲಕ್ಕೆ ‘@’ ಚಿಹ್ನೆ ಹಚ್ಚಿ ದಾರಿ ತೋರಿಸುತ್ತಿತ್ತು. ಸರ್ಫರ್‌ಗಳಿಗೆ ತುಂಬ ಹಿಡಿಸಿದ ಸೈಟ್ ಆದರೆ ಅದರ ಪಕ್ಕದಲ್ಲಿ ಒಂದು ಪುಟಾಣಿ ತಂಪು ಕನ್ನಡಕದ ಚಿತ್ರ. ಆ ಕನ್ನಡಕಕ್ಕಾಗಿ ಸೈಟ್ ಮಾಲೀಕರು ಹಂಬಲಿಸುತ್ತಿದ್ದರು.

ಮನುಷ್ಯರು ಕೂತು ಆರಿಸಿದ ಈ ಪಟ್ಟಿಗೆ 1996ರ ಏಪ್ರಿಲ್‌ನಲ್ಲಿ ಷೇರುಪೇಟೆ ಬೆಲೆ ಕಟ್ಟಿತು. 13 ಡಾಲರಿಗೆ ಬಿಟ್ಟ ಷೇರು ಮೊದಲ ದಿನವೇ 33 ಡಾಲರಿಗೆ ನಿಂತಿತು. ಬಹುಶಃ ಈ ಕಸುಬಿನ ಅತ್ಯುಚ್ಚ ದಿನ ಅದೇ. ಆದರೆ ರುಚಿಯ ಜೊತೆ ದುಡ್ಡು ಸೇರಿದಲ್ಲಿ ಏನಾಗುತ್ತದೆಯೋ ಅದೇ ಇಲ್ಲೂ ಆಯಿತು. ಸೈಟ್ ಮಾಲೀಕರು ಸಾಲುಗಟ್ಟಿದರು, ಪರಿಶೀಲನೆಗೆ ತಿಂಗಳುಗಟ್ಟಲೆ ಹಿಡಿಯಿತು. ಬೇಗ ನೋಡಬೇಕೆಂದರೆ ಶುಲ್ಕ ಕಟ್ಟಿ ಎಂಬ ವ್ಯವಸ್ಥೆ ಬಂತು. ಅದು ವ್ಯಾಪಾರಿ ಸೈಟ್‌ಗಳಿಗೆ ವರ್ಷವರ್ಷವೂ ಕಟ್ಟಬೇಕಾದ ಬಾಡಿಗೆಯಾಯಿತು. ದುಡ್ಡು ಕೊಟ್ಟವನ ಸೈಟ್ ಪಟ್ಟಿಯಲ್ಲಿದ್ದರೆ ಅದನ್ನು ಶಿಫಾರಸು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

1998ರಲ್ಲಿ ಇದಕ್ಕೆ ಎರಡು ಉತ್ತರಗಳು ಒಟ್ಟಿಗೇ ಬಂದವು. ಒಂದು ಗೂಗಲ್: ಯಾರೂ ಕೂತು ನೋಡಬೇಕಾಗಿಲ್ಲ, ಯಾವ ಪುಟದತ್ತ ಎಷ್ಟು ಪುಟಗಳು ಬೆರಳು ತೋರಿಸುತ್ತಿವೆ ಎಂದು ಯಂತ್ರವೇ ಅಳೆಯಲಿ. ಇನ್ನೊಂದು, ಯಾಹೂವಿನ ಕೆಲಸವನ್ನು ಬಿಟ್ಟಿಯಾಗಿ ಮಾಡುವ ಸ್ವಯಂಸೇವಕರ ಪಡೆ. ರಿಚ್ ಸ್ಕ್ರೆಂಟಾ ಮತ್ತು ಗೆಳೆಯರು ಶುರು ಮಾಡಿದ ಅದು ಆರಂಭದಲ್ಲಿ ನ್ಯೂಹೂ ಮುಂತಾದ ಹೆಸರು ಹೊತ್ತು, ಅದೇ ವರ್ಷ ನೆಟ್‌ಸ್ಕೇಪ್ ಕೊಂಡ ಮೇಲೆ ಓಪನ್ ಡೈರೆಕ್ಟರಿ ಪ್ರಾಜೆಕ್ಟ್ ಆಯಿತು. ಬಳಕೆಯಲ್ಲಿ ಡಿಮಾಝ್. ಗೂಗಲ್ ಸ್ವತಃ ಹಲವು ವರ್ಷ ಇದೇ ಪಟ್ಟಿಯನ್ನು ತನ್ನ ಡೈರೆಕ್ಟರಿಯಾಗಿ ತೋರಿಸುತ್ತಿತ್ತು. ಇತ್ತ ಯಾಹೂ 2000ದಲ್ಲಿ ತನ್ನ ಪುಟದ ಹುಡುಕಾಟವನ್ನು ಗೂಗಲ್‌ಗೇ ವಹಿಸಿತು. ಮನೆಯ ಬೀಗದ ಕೈಯನ್ನು ಎದುರುಮನೆಯವರಿಗೆ ಕೊಟ್ಟ ಹಾಗೆ ಅನ್ನುವವರು ಈಗ ಅನ್ನುತ್ತಾರೆ. ಆಗ ಅದು ಸಹಜವಾದ ಗುತ್ತಿಗೆಯಾಗಿ ಕಂಡಿತ್ತು.

ಸರ್ಚ್ ಎಂಜಿನ್ ಬಂದು ಶಿಫಾರಸಿನ ಕಸುಬನ್ನು ಕೊಂದಿತು ಎಂಬ ಮಾತು ಅರ್ಧ ಸತ್ಯ. ಹುಡುಕಲು ಬಂದವನಿಗೆ ಏನು ಬೇಕೆಂದು ಮೊದಲೇ ಗೊತ್ತಿರಬೇಕು. ಪ್ರಶ್ನೆಯೇ ಇಲ್ಲದೆ, ಸುಮ್ಮನೆ ಕುತೂಹಲದಿಂದ ಬಂದು ಕೂತವನಿಗೆ ಖಾಲಿ ಪೆಟ್ಟಿಗೆ ಏನನ್ನೂ ಹೇಳುವುದಿಲ್ಲ. ಕನ್ನಡದಲ್ಲಿ ಈ ಕಸುಬು ತಡವಾಗಿ ಬಂದು, ಗೂಗಲ್ ಬಲಿತ ಮೇಲೂ ಉಸಿರಾಡಿಕೊಂಡಿದ್ದದ್ದು ಇದೇ ಕಾರಣಕ್ಕೆ.

ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮೊದಲು ನಾಲ್ಕು ಮಹಾನಗರಗಳು, ಅವುಗಳ ಬೆನ್ನಲ್ಲೇ ಬೆಂಗಳೂರು. ಸಂಪರ್ಕದ ದರ ಮಧ್ಯಮ ವರ್ಗದ ಮನೆಗೆ ಎಟುಕುವಂತಿರಲಿಲ್ಲ. 1996ರ ಜುಲೈನಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಮೊದಲ ಕೆಫೆ ಕಾಫಿ ಡೇ ಕಾಫಿಯ ಜೊತೆ ಇಂಟರ್‌ನೆಟ್ ಮಾರುವ ಅಂಗಡಿಯೂ ಆಗಿತ್ತು. ಮುಂದೆ ಬೀದಿಬೀದಿಯಲ್ಲಿ ಬ್ರೌಸಿಂಗ್ ಸೆಂಟರ್‌ಗಳು ಎದ್ದವು. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಕೂತವನಿಗೆ ಪ್ರತಿ ನಿಮಿಷವೂ ಮುಖ್ಯ. ಏನು ನೋಡಬೇಕೆಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಬೇಕು.

ಚೀಟಿಯಲ್ಲಿ ಕನ್ನಡದ ಸೈಟ್ ಎಷ್ಟಿತ್ತು? ಯು.ಬಿ. ಪವನಜ ಅವರು ‘ವಿಶ್ವ ಕನ್ನಡ’ ಎಂಬ ಜಾಲಪತ್ರಿಕೆಯನ್ನು 1996ರಲ್ಲೇ ಶುರು ಮಾಡಿದ್ದರು. ಆದರೆ ಆ ಕಾಲದ ಕನ್ನಡ ಸೈಟ್ ಓದಲು ಅದಕ್ಕೆ ತಕ್ಕ ಅಕ್ಷರಶೈಲಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಿತ್ತು. ಇಲ್ಲದಿದ್ದರೆ ತೆರೆಯ ಮೇಲೆ ಕಾಣುವುದು ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ. ಪರರ ಸೆಂಟರಿನ ಕಂಪ್ಯೂಟರಿನಲ್ಲಿ ಅದಕ್ಕೆ ಅನುಮತಿ ಸಿಗುವುದು ಮಾಲೀಕನ ಮನಸ್ಸಿಗೆ ಬಿಟ್ಟದ್ದು. ಹಾಗಾಗಿ ಕನ್ನಡಿಗರು ಒಬ್ಬರಿಂದೊಬ್ಬರಿಗೆ ದಾಟಿಸಿದ ಅತಿ ಉಪಯುಕ್ತ ವಿಳಾಸಗಳಲ್ಲಿ ಕಥೆ ಕವಿತೆಯದಲ್ಲದ ಒಂದು ಸೈಟ್ ಇತ್ತು: ಅಮೆರಿಕದಲ್ಲಿದ್ದ ಶೇಷಾದ್ರಿವಾಸು 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶದ್ದು. 2001ರ ವಿಂಡೋಸ್ ಎಕ್ಸ್‌ಪಿ ಯುನಿಕೋಡ್ ಕನ್ನಡವನ್ನು ತೋರಿಸತೊಡಗಿದ ಮೇಲೆ ಈ ತಾಪತ್ರಯ ನಿಧಾನವಾಗಿ ಕರಗಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, ಆಮೇಲೆ ಕರ್ನಾಟಕ ಜ್ಞಾನ ಆಯೋಗದ ‘ಕಣಜ’ ಬಂದವು. ಹೇಳಲು ಈಗ ಏನೋ ಇತ್ತು.

ಹೇಳಿದ ಜಾಗ ಮಾತ್ರ ವೆಬ್ ಅಲ್ಲ, ಪತ್ರಿಕೆಯ ಕಾಗದ. ಪವನಜ ಅವರು 2009ರಲ್ಲಿ ಕನ್ನಡಪ್ರಭದಲ್ಲಿ ಬರೆಯತೊಡಗಿದ ‘ಗಣಕಿಂಡಿ’ ಅಂಕಣದಲ್ಲಿ ‘ಅಂತರಜಾಲಾಡಿ’ ಎಂಬ ತುಣುಕು ಇರುತ್ತಿತ್ತು: ವಾರಕ್ಕೊಂದು ಸೈಟ್. ಪಕ್ಕದಲ್ಲೇ ಬಿಟ್ಟಿಯಾಗಿ ಸಿಗುವ ಒಂದು ತಂತ್ರಾಂಶ, ಒಂದಿಷ್ಟು ಸುದ್ದಿ, ಒಂದು ತಾಂತ್ರಿಕ ಪದ, ಕೊನೆಗೊಂದು ತರಲೆ. ಪಂಡಿತರಿಗಲ್ಲ, ಮನೆಯಲ್ಲಿ ಹೊಸದಾಗಿ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡು ಇನ್ನು ಮುಂದೇನು ಎಂದು ಕೂತವರಿಗಾಗಿ ಬರೆದದ್ದು. ಕನ್ನಡದ ಸಾಲಿನ ನಡುವೆ ರೋಮನ್ ಅಕ್ಷರದ ವಿಳಾಸ; ಓದುಗರು ಅದನ್ನು ಒಂದೊಂದೇ ಅಕ್ಷರ ನೋಡಿ ಕುಟ್ಟಬೇಕು. ಅಚ್ಚಿನಲ್ಲಿ ಒಂದು ಚುಕ್ಕಿ ಹಾರಿದರೆ ಕೆಲಸ ಕೆಟ್ಟಿತು. ಉದ್ದದ ವಿಳಾಸವನ್ನು ಕೆಲವೇ ಅಕ್ಷರಗಳಿಗೆ ಇಳಿಸುವ ಟೈನಿಯುಆರ್‌ಎಲ್, ಬಿಟ್‌ಲಿಯಂಥ ಸೇವೆಗಳು ಅಚ್ಚಿನ ಪತ್ರಿಕೆಗೆ ವರವಾದದ್ದು ಇದೇ ಕಾರಣಕ್ಕೆ. ಗ್ಲೆನ್ ಡೇವಿಸ್‌ರ ಒಂದು ಕ್ಲಿಕ್ಕಿನ ಓದುಗನಿಗೂ ಈ ಓದುಗನಿಗೂ ವ್ಯತ್ಯಾಸವಿದೆ. ಇವನು ಅಂಕಣ ಕತ್ತರಿಸಿ ಇಟ್ಟುಕೊಂಡು, ಸಂಜೆ ಬಿಡುವಾದಾಗ ನೋಡುವವನು. ಬರೆಯುವವನ ಮೇಲೆ ಅಷ್ಟು ನಂಬಿಕೆ ಇಲ್ಲದಿದ್ದರೆ ಯಾರೂ ಆ ಕಷ್ಟ ಪಡುವುದಿಲ್ಲ.

ಆ ನಂಬಿಕೆಯನ್ನು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವೂ ನಡೆದಿತ್ತು. ಕೆನಡಾದ ಕ್ಯಾಲ್ಗರಿಯಲ್ಲಿ ಗ್ಯಾರೆಟ್ ಕ್ಯಾಂಪ್ ಮತ್ತು ಗೆಳೆಯರು ಕಟ್ಟಿದ ಸ್ಟಂಬಲ್‌ಅಪಾನ್‌ನಲ್ಲಿ ಒಂದು ಗುಂಡಿ ಒತ್ತಿದರೆ ಯಾವುದೋ ಗೊತ್ತಿಲ್ಲದ ಸೈಟ್ ತೆರೆಯುತ್ತಿತ್ತು. ಹಿಡಿಸಿತೇ, ಇಲ್ಲವೇ ಎಂದು ಹೇಳಿದರೆ ಮುಂದಿನದು ಅದಕ್ಕೆ ಹೊಂದುವಂತೆ ಬರುತ್ತಿತ್ತು. ಹೊತ್ತು ಕಳೆಯಲು ಇದಕ್ಕಿಂತ ಸೊಗಸಾದ ಸಾಧನ ವೆಬ್‌ನಲ್ಲಿ ಇರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. 2007ರಲ್ಲಿ ಇಬೇ ಅದಕ್ಕೆ 7.5 ಕೋಟಿ ಡಾಲರ್ ಕೊಟ್ಟಿತು. ಫೇಸ್‌ಬುಕ್ ಮತ್ತು ಯೂಟ್ಯೂಬ್ ಮಾಡಿದ್ದೂ ಇದನ್ನೇ, ಆದರೆ ಹೊರಗಿನ ಸೈಟ್‌ಗೆ ಕಳಿಸುವ ಬದಲು ತಮ್ಮ ಅಂಗಳದಲ್ಲೇ ಸುತ್ತಿಸುತ್ತ. 2018ರ ಜೂನ್ ಕೊನೆಗೆ ಸ್ಟಂಬಲ್‌ಅಪಾನ್ ಬಾಗಿಲು ಹಾಕಿತು.

ಅಷ್ಟರಲ್ಲಿ ಹಳಬರೂ ಹೋಗಿದ್ದರು. ಯಾಹೂ ಡೈರೆಕ್ಟರಿ 2014ರ ಡಿಸೆಂಬರಿನಲ್ಲಿ ಮುಚ್ಚಿತು. ಕಂಪನಿ ಹುಟ್ಟಿದ್ದೇ ಆ ಪಟ್ಟಿಯಿಂದ ಎಂಬುದು ಅಷ್ಟರಲ್ಲಿ ಹಲವರಿಗೆ ಮರೆತುಹೋಗಿತ್ತು. ಡಿಮಾಝ್ 2017ರ ಮಾರ್ಚ್‌ನಲ್ಲಿ ನಿಂತಿತು. ನಿಲ್ಲುವ ಹೊತ್ತಿಗೆ ಅದರಲ್ಲಿ ಸುಮಾರು 38 ಲಕ್ಷ ಸೈಟ್‌ಗಳು, ಹತ್ತು ಲಕ್ಷ ವಿಭಾಗಗಳಿದ್ದವು. 19 ವರ್ಷಗಳಲ್ಲಿ 90 ಸಾವಿರಕ್ಕೂ ಹೆಚ್ಚು ಸಂಪಾದಕರು ಸಂಬಳವಿಲ್ಲದೆ ದುಡಿದಿದ್ದರು. ಅವರಲ್ಲಿ ಕೆಲವರು ಆ ಮಾಹಿತಿಯನ್ನೆಲ್ಲ ಎತ್ತಿಕೊಂಡು ಹೋಗಿ ‘ಕರ್ಲಿ’ ಎಂಬ ಹೆಸರಿನಲ್ಲಿ ಮತ್ತೆ ಪಟ್ಟಿ ತೆರೆದರು. ಸತ್ತ ಕೊಂಡಿಗಳನ್ನು ಕಿತ್ತುಹಾಕುವುದು, ಹೊಸ ಸೈಟ್ ಬಂದರೆ ಯಾರಾದರೂ ಒಬ್ಬರು ತೆರೆದು ನೋಡಿ ಎರಡು ಸಾಲು ಬರೆಯುವುದು ಅಲ್ಲಿ ಮುಂದುವರಿಯಿತು.